ಪೋಟಮಾಳಾ

ನಂಬರ್ ಹದಿನಾಲ್ಕರ ಎದೆಗೂಡು ತೆರೆದ ದಿನ
ಪರೇಲಿನಲ್ಲಿ ಕರೆಂಟು ಹೋಗಿತ್ತು.
ಫ್ಯಾನುಗಳು ನಿಂತು ಫಾರ್ಮಾಲಿನ್ ಕಣ್ಣಿಗೇ ಬಂತು.
ಒಬ್ಬಳಿಗೆ, ಶಲಾಕಾ ನಾರ್ವೇಕರ್, ರೋಲ್ ನಂಬರ್ ಎಪ್ಪತ್ತೊಂದು,
ಬಿಕ್ಕಳಿಕೆ ಹತ್ತಿತು.

ಯಾರೋ ನೆನೆಯುತ್ತಿದ್ದಾರೆ, ಅಂದೆ.
ಇಲ್ಲ ಮಾಮಾ, ಇದರ ಕೆಲಸ ಎಂದು
ಚಿಮಟದ ತುದಿಯಲ್ಲಿ ತೋರಿಸಿದಳು.
ವಪೆ.

ಮೂವತ್ತೊಂದು ವರ್ಷ ಈ ಕೋಣೆಯ ಬೀಗದ ಕೈ ನನ್ನಲ್ಲಿ.
ಸಾಹೇಬರ ಪಾಠವನ್ನು ಬಾಗಿಲಲ್ಲಿ ನಿಂತೇ ಕಲಿತವನು.
ಹೆಸರು ಮಾತ್ರ ರಾತ್ರಿಶಾಲೆಯದು,
ಫೋರ್ಟಿನಲ್ಲಿ, ಹೋಟೆಲಿನ ಲೋಟ ತೊಳೆದ ಕೈ ಒಣಗುವ ಮೊದಲೇ
ಬರೆದುಕೊಂಡದ್ದು:
ಎದೆಗೂ ಹೊಟ್ಟೆಗೂ ನಡುವಿನ ಪರದೆ. ಎರಡು ಅಂಕ.

ಪರದೆಯಲ್ಲ ಮಾರಾಯರೆ, ನೋಡಿದವನು ಹೇಳುತ್ತೇನೆ.
ಪೋಟಮಾಳಾ ಅದು.
ಚಾಳಿನ ಹತ್ತಡಿ ಖೋಲಿಯಲ್ಲಿ ಗೋಡೆಯಿಂದ ಗೋಡೆಗೆ
ಹಲಗೆ ಬಡಿದ ಅರೆಮಹಡಿ;
ಈ ಊರಿನ ಮಾತಿನಲ್ಲಿ, ಹೊಟ್ಟೆಯ ಮಾಳಿಗೆ.
ಕೆಳಗಿನವರಿಗೆ ಸೂರು, ಮೇಲಿನವರಿಗೆ ನೆಲ.
ಕೆಳಗೆ ಜಠರ, ಒಲೆ, ಬೇಯುವ ವಾಸನೆ.
ಮೇಲೆ ಎರಡು ಶ್ವಾಸಕೋಶ,
ನಡುವೆ ಹಲಗೆಗೇ ಅಂಟಿ ಮಲಗಿದ ಹೃದಯ.
ಬಲಗಡೆ ತುಸು ಎತ್ತರ,
ಅಡಿಯಲ್ಲಿ ಯಕೃತ್ತಿನ ಟ್ರಂಕು ಇದೆಯಲ್ಲ.

ಸುತ್ತ ಸ್ನಾಯು, ನಟ್ಟನಡುವೆ ಮೂರೆಲೆಯ ಬಿಲ್ವದ ಹಾಗೆ ಬಿಳಿ.
ಮೂರು ಕಿಂಡಿ:
ಮೇಲೇರುವ ನೀಲಿ ರಕ್ತಕ್ಕೆ ಬೆನ್ನಿನ ಎಂಟನೇ ಮಣಿಯ ಮಟ್ಟದಲ್ಲಿ,
ಅನ್ನನಾಳಕ್ಕೆ ಹತ್ತರಲ್ಲಿ,
ಮಹಾಧಮನಿ ಹನ್ನೆರಡರಲ್ಲಿ, ಹಿಂದಿನಿಂದ ನುಸುಳಿ.
ನಮ್ಮಲ್ಲೂ ಹಾಗೇ. ಏಣಿಗೊಂದು, ವಯರಿಗೊಂದು,
ಇನ್ನೊಂದು ಕೆಳಗೆ ತಟ್ಟೆ ಹಾಕಿದ ಸದ್ದಿಗೆ.

ಉಸಿರೆಳೆದರೆ ಹಲಗೆ ಇಳಿಯುತ್ತದೆ.
ಅದು ದುಡಿಮೆ.
ಮೇಲಿನವರಿಗೆ ಜಾಗವಾಗಬೇಕೆಂದರೆ
ಕೆಳಗಿನವರು ಸರಿಯಬೇಕು, ಹೊಟ್ಟೆ ಮುಂದೆ ಬರಬೇಕು.
ಬಿಡುವುದಕ್ಕೆ ದುಡಿಮೆಯಿಲ್ಲ. ಕೈಬಿಟ್ಟರೆ ತಾನೇ ಗುಮ್ಮಟವಾಗುತ್ತದೆ.
ಅದಕ್ಕೇ ಈ ಮೇಜಿಗೆ ಬಂದವರಲ್ಲೆಲ್ಲ
ಅದು ಮೇಲೇ ನಿಂತಿರುತ್ತದೆ.
ಇಳಿದು ನಿಂತದ್ದನ್ನು ನಾನು ಕಂಡಿಲ್ಲ.

ನನ್ನ ಹಲಗೆಯ ಕೆಳಗೆ ತುಕ್ರಪ್ಪಣ್ಣ,
ಮಿಲ್ಲಿನಲ್ಲಿ ಹತ್ತಿ ಬಿಡಿಸುವ ಖಾತೆ.
ರಜೆ ಮುಗಿದು ಸೋಮವಾರ ಬಂದರೆ ಎದೆ ಬಿಗಿ.
ಅವನ ಉಸಿರಿಗೆ ನನ್ನ ಚಾಪೆ ಏರಿಳಿಯುತ್ತಿತ್ತು
ಅನ್ನುವುದು ಸುಳ್ಳು. ಹಾಗನ್ನಿಸುತ್ತಿತ್ತು.
ಒಂದು ರಾತ್ರಿ ಅನ್ನಿಸಲಿಲ್ಲ.
ನಾಲ್ಕರ ನಲ್ಲಿ ಬರುವವರೆಗೂ
ನಾನು ಏಣಿ ಇಳಿಯಲಿಲ್ಲ.

ಇದರ ನರ ಇಲ್ಲಿಯದಲ್ಲ, ಎಂದರು ಸಾಹೇಬರು.
ಗರ್ಭದ ನಾಲ್ಕನೇ ವಾರ ವಪೆ ಇರುವುದು ಕತ್ತಿನಲ್ಲಂತೆ.
ಇಳಿಯುತ್ತ ಇಳಿಯುತ್ತ ನರವನ್ನೂ ಎಳೆದುಕೊಂಡೇ
ಹೃದಯದ ಮಗ್ಗುಲಿಂದ ಬರುತ್ತದಂತೆ, ಕಡಿಯದ ಹಾಗೆ.
ಮೂರು, ನಾಲ್ಕು, ಐದು, ಕತ್ತಿನ ಮಣಿಗಳ ಲೆಕ್ಕ.
ಇಲ್ಲಿ ಕೆರಳಿದರೆ ನೋಯುವುದು ಹೆಗಲು.
ಹೆಜಮಾಡಿಯಿಂದ ಬಂದವನಿಗೆ
ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಿಕ್ಕಳಿಕೆ ನಿಂತಿರಲಿಲ್ಲ. ನೀರು ಕೊಟ್ಟೆ.
ಒಬ್ಬೊಬ್ಬರದೇ ಹೆಸರು ಹೇಳು,
ನೆನೆದವರ ಹೆಸರು ಬಂದಾಗ ನಿಲ್ಲುತ್ತದೆ, ಅಂದೆ.
ಆಯಿ. ಬಾಬಾ. ಸಾವಂತವಾಡಿಯ ಆತ್ಯಾ.
ಇನ್ನೊಂದು ಹೆಸರು, ಮೆಲ್ಲಗೆ.
ಊಹೂಂ.

ಆಮೇಲೆ ಎಂಟು ತಿಂಗಳು ತೊಟ್ಟಿಯಲ್ಲಿ ನೆನೆದ
ಆ ಮೈಯ ಕಡೆ ನೋಡಿ
ಹದಿನಾಲ್ಕು, ಅಂದಳು.

ಅಷ್ಟರಲ್ಲಿ ಕರೆಂಟು ಬಂತು.
ನಿಂತಿತೋ ಇಲ್ಲವೋ,
ಫ್ಯಾನಿನ ಸದ್ದಿಗೆ ನನಗೆ ಕೇಳಿಸಲಿಲ್ಲ.