ಜೀರುಂಡೆ ಯಾರು?

ಬುಖಾರೆಸ್ಟಿನ ಆ ಓದುವ ಕೋಣೆಯಲ್ಲಿ ಪೆನ್ನು ಕೂಡದು, ಪೆನ್ಸಿಲ್ ಮಾತ್ರ.
ರಸೀದಿಗೆ ಸಹಿ ಹಾಕಿಸಿಕೊಂಡ ಹುಡುಗಿ
ಅಪ್ಪನನ್ನು ತಂದು ಮೇಜಿನ ಮೇಲಿಟ್ಟಳು:
ನಾಲ್ಕು ಸಂಪುಟ, ದಾರದಲ್ಲಿ ಹೊಲಿದದ್ದು,
ಸಾವಿರದ ಇನ್ನೂರ ಆರು ಹಾಳೆ.
ಬದುಕಿದ್ದಾಗ ಇಷ್ಟು ಭಾರವಿರಲಿಲ್ಲ ಗೆರ್ಗೇಯ್,
ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುವವನು.

ಗೋಡೆಗೂ ಕಿವಿಯುಂಟು ಎನ್ನುತ್ತಿತ್ತು ಕ್ಲೂಜ್ ಊರೆಲ್ಲ.
ನಮ್ಮ ಮನೆಯಲ್ಲಿ ಗೋಡೆಗಲ್ಲ, ಒಲೆಗೆ.
ಚಳಿ ಕಾಯಿಸುವ ಹಸಿರು ಹೆಂಚಿನ ಒಲೆಯ ಬೆನ್ನಿಗೆ
ಅಂಗಿಗುಂಡಿಯಷ್ಟು ಕಿವಿ.
ಹೊಗೆಕೊಳವೆ ನೋಡಲು ಬಂದವನಿಗೆ
ಅಮ್ಮ ಪ್ಲಮ್ ಬ್ರಾಂದಿ ಕೊಟ್ಟಳಂತೆ. ಅದೂ ದಾಖಲಾಗಿದೆ:
‘ಸತ್ಕಾರ ತೃಪ್ತಿಕರ.’

ನಾವು ಹಂಗೇರಿಯನ್ನರು. ಉಪ್ಪು ಕೇಳಿದರೂ ನಮ್ಮ ಮಾತಿನಲ್ಲೇ.
ಕಡತದಲ್ಲಿ ಎಲ್ಲವೂ ರೊಮೇನಿಯನ್.
ಆ ಭಾಷೆಯಲ್ಲಿ ಅಪ್ಪ ರೊಟ್ಟಿಯ ಸಾಲಿನಲ್ಲಿ ಮಾತಾಡಿದ್ದುಂಟು,
ಠಾಣೆಯಲ್ಲಿ ಮಾತಾಡಿದ್ದುಂಟು,
ಅಮ್ಮನ ಜೊತೆ ಒಂದು ದಿನವೂ ಇಲ್ಲ.
ಇಲ್ಲಿ ‘ಕಾಲು ತಣ್ಣಗಿದೆಯಲ್ಲ, ಇತ್ತ ಚಾಚು’ ಎಂದು
ಅವಳಿಗೆ ಹೇಳುವುದೂ ಠಾಣೆಯ ಭಾಷೆಯಲ್ಲೇ.
ರಾತ್ರಿ ಹೋಟೆಲಿನಲ್ಲಿ ಕೂತು ಒಂದೊಂದೇ ಸಾಲನ್ನು
ತವರಿಗೆ ಕರೆತರುವಂತೆ ಹಿಂದಕ್ಕೆ ತಿರುಗಿಸುತ್ತೇನೆ.
ಕೆಲವು ಬರುತ್ತವೆ.

ಅನುವಾದಕನ ಹೆಸರಿಲ್ಲ, ‘ಬೆರಳಚ್ಚು: ಒಂದು ಪ್ರತಿ’ ಎಂದಷ್ಟೇ.
ಅವನಿಗೆ ಪದ ಗೊತ್ತಿದ್ದವು, ಮನೆ ಗೊತ್ತಿರಲಿಲ್ಲ.
ಬೊಗಾರ್ಕಾಮ್, ಎಂದು ಕರೆಯುತ್ತಿದ್ದ ಅಪ್ಪ ನನ್ನನ್ನು,
ನಮ್ಮವರೆಲ್ಲ ಮಕ್ಕಳನ್ನು ಕರೆಯುವಂತೆ: ನನ್ನ ಪುಟ್ಟ ಜೀರುಂಡೆ.
ಅವನು ಇದ್ದದ್ದನ್ನು ಇದ್ದಂತೆ ಹೊಡೆದ, ಜೀರುಂಡೆ.
ಪಕ್ಕದಲ್ಲಿ ಕೆಂಪು ಪೆನ್ಸಿಲ್:
‘ಜೀರುಂಡೆ ಯಾರು? ಗುಪ್ತನಾಮವೇ? ವಿಚಾರಿಸಿ.’

‘ಜೀರುಂಡೆಗೆ ಎರಡು ಹಲ್ಲು ಬಿದ್ದಿವೆ.’
(ಹೊಡೆದಾಟವೇ? ಎಲ್ಲಿ?)
‘ಜೀರುಂಡೆ ಶುಕ್ರವಾರ ಅಜ್ಜಿಯ ಹತ್ತಿರ ಹೋಗುತ್ತದೆ.’
(ಅಜ್ಜಿ ಯಾರು?)
ಒಂಬತ್ತು ತಿಂಗಳು ಹುಡುಕಿದರು.
ಎದುರು ಬೀದಿಯಲ್ಲಿ ನಿಲ್ಲುತ್ತಿದ್ದ ಮಾಸಲು ಹಳದಿ ಡಾಸಿಯಾ ಕಾರು
ನನಗೆ ಚೆನ್ನಾಗಿ ನೆನಪಿದೆ. ಅದರೊಳಗಿನಿಂದ ಇಳಿದು ಬಂದವನೊಬ್ಬ
ಮಂಜಿನ ಮೇಲೆ ಜಾರಿಬಿದ್ದ ನನ್ನನ್ನು ಎಬ್ಬಿಸಿ
ಟೋಪಿ ಕೊಡವಿ ತಲೆಗಿಟ್ಟ,
ಮತ್ತೆ ಹೋಗಿ ಕೂತ, ಜೀರುಂಡೆಯ ಕಾವಲಿಗೆ.

ಓದುವ ಕೋಣೆಯಲ್ಲಿ ನಕ್ಕುಬಿಟ್ಟೆ. ಪಕ್ಕದ ಮೇಜಿನ ಮುದುಕ
ತನ್ನ ಕಡತದಿಂದ ತಲೆಯೆತ್ತಿ ನೋಡಿದ, ಹೊಟ್ಟೆಕಿಚ್ಚಿನಿಂದ.

ಮೂರನೆಯ ಸಂಪುಟ, ಫೆಬ್ರವರಿ.
‘ರಾತ್ರಿ ಒಂಬತ್ತು ನಲವತ್ತು. ಅಡುಗೆಮನೆಯ ನಲ್ಲಿ ಬಿಟ್ಟಿದ್ದಾರೆ.
ಹನ್ನೊಂದು ನಿಮಿಷ. ಏನೂ ತಿಳಿಯದು.’
ಮುಂದಿನ ವಾರ ಅಪ್ಪನನ್ನು ಅಚ್ಚುಕೂಟದಿಂದ ತೆಗೆದು
ರಟ್ಟಿನ ಪೆಟ್ಟಿಗೆಗಳ ಗೋದಾಮಿಗೆ ಹಾಕಿದರು;
ಆ ದೂಳೇ ಅವನನ್ನು ತಿಂದದ್ದು.
ಹನ್ನೊಂದು ನಿಮಿಷ. ಗಡಿ ದಾಟುವ ಮಾತೇ? ಯಾರದೋ ಹೆಸರೇ?
ಪುಟದ ಆ ಒಂದು ಸಾಲನ್ನು ಮಾತ್ರ
ಯಾವ ಭಾಷೆಗೂ ತಿರುಗಿಸಲಾಗಲಿಲ್ಲ.

ಅಮ್ಮನಿಗೆ ಈಗ ಎಂಬತ್ತಾರು, ಕಿವಿ ಮಂದ.
ಕೂಗಿಯೇ ಕೇಳಬೇಕಾಯಿತು, ಮೂರು ಮಹಡಿಗೂ ಮುಟ್ಟುವಂತೆ:
ನಲ್ಲಿ ಬಿಟ್ಟಿರಲ್ಲ ಆವತ್ತು, ಒಲೆಗೆ ಹೆದರಿ, ಏನು ಮಾತಾಡಿದಿರಿ?

‘ಒಲೆಯ ಸಂಗತಿ ನಮಗೇನು ಗೊತ್ತು ಆಗ?’ ಎಂದಳು,
ಹುರುಳಿಕಾಯಿಯ ನಾರು ಬಿಡಿಸುತ್ತ.
‘ಬಾಗಿಲ ಹಿಂದೆ ನೀನಿರ್ತಿದ್ದೆಯಲ್ಲ,
ಗೋಡೆಗೆ ಲೋಟ ಒತ್ತಿ, ಲೋಟಕ್ಕೆ ಕಿವಿ ಒತ್ತಿ.’

ಹೌದು. ಲೋಟದ ತಣ್ಣನೆಯ ತಳ ಕಿವಿಗೆ ನೆನಪಾಯಿತು,
ಅದರೊಳಗೆ ಸುರಿಯುತ್ತಿದ್ದ ಬರೀ ನೀರು.

ಈಗಲಾದರೂ ಹೇಳು, ಎಂದೆ.

‘ನಿನಗೆ ಕೇಳಬಾರದು ಅಂತಲೇ ಅಲ್ಲವೇ ನಲ್ಲಿ ಬಿಟ್ಟದ್ದು’
ಎಂದು ಇನ್ನೊಂದು ಕಾಯಿ ಎತ್ತಿಕೊಂಡಳು.