ಅರ್ಧ ಕೇಜಿ

ಮೂವತ್ತೊಂದು ವರ್ಷ ಕಾರವಾರದ ಮೀನುಪೇಟೆಯಲ್ಲಿ
ತಕ್ಕಡಿಗಳ ಕಿವಿ ಹಿಂಡಿದವನು ನಾನು.
ಬಟ್ಟಿನ ತಳದ ಸೀಸಕ್ಕೆ ಮುದ್ರೆ ಒತ್ತುವಾಗ
ಗಣಪಿ ಹರಿಕಂತ್ರ ನಗುತ್ತಿದ್ದಳು:
"ಗಾಳಿಯ ಉಪ್ಪು ಕಬ್ಬಿಣ ತಿಂತದೆ ಸಾಯ್ಬ್ರೆ,
ಮೊದ್ಲು ಅದ್ಕೆ ಮುದ್ರೆ ಒತ್ತಿ."

ಬೈತಖೋಲದ ಧಕ್ಕೆ, ರಾತ್ರಿ ಹತ್ತು.
ನೀರಿನಂಚಿಗೆ ಎರಡು ದೀಪ:
ಒಂದು ಇಲ್ಲೇ ಪಾತಿದೋಣಿಯ ಲಾಟೀನು,
ಇನ್ನೊಂದು ಎಲ್ಲೋ ಟ್ರಾಲರಿನದು.
ಯಾವುದು ಯಾವುದೆಂದು ಬೆಳಕು ಬಾಯಿ ಬಿಡುವುದಿಲ್ಲ.
ಮೇಲೆ ಮೂರನೆಯದು.
ಅದು ದೋಣಿಯಲ್ಲ.

ಈ ತುದಿಯಿಂದ ನೋಡಿದರೆ
ದೇವಗಡದ ದೀಪಸ್ತಂಭ ಆ ಚುಕ್ಕಿಯ ನೇರ ಕೆಳಗೆ.
ಆ ತುದಿಗೆ ನಡೆದೆ,
ದೀಪ ಒಂದಿಷ್ಟು ಸರಿಯಿತು.
ಚುಕ್ಕಿ ಇದ್ದಲ್ಲೇ.
ಅದು ಕದಲಬೇಕಾದರೆ ಧಕ್ಕೆ ಸಾಲದು,
ಭೂಮಿಯೇ ಆರು ತಿಂಗಳು ನಡೆಯಬೇಕು
ಸೂರ್ಯನ ಆಚೆ ಮಗ್ಗುಲಿಗೆ.
ಆಗಲೂ ಕೂದಲೆಳೆಯಷ್ಟು, ಅದೂ ಕಂಡರೆ.
ಈಗ ಜನವರಿ. ಆರು ತಿಂಗಳಿಗೆ ಆಷಾಢ,
ಆಕಾಶಕ್ಕೆ ಬೀಗ.

ತೂಕದ ಮಾತು ಕೇಳಲೇಬೇಡಿ.
ಒಂಟಿ ಚುಕ್ಕಿಯನ್ನು ತೂಗುವುದು ಬಲು ಕಷ್ಟವಂತೆ.
ಪಕ್ಕದಲ್ಲೊಂದು ಜೋಡಿ ಬೇಕು,
ಸುತ್ತಬೇಕು, ಎಳೆಯಬೇಕು, ಎಳೆಸಿಕೊಳ್ಳಬೇಕು.
ಆ ಜಗ್ಗಾಟವೇ ತಕ್ಕಡಿ.

ಜೇಬಿನಲ್ಲಿದೆ
ಗಣಪಿಯಿಂದ ಜಪ್ತು ಮಾಡಿದ ಅರ್ಧ ಕೇಜಿ ಬಟ್ಟು.
ಹನ್ನೊಂದು ಗ್ರಾಂ ಕಮ್ಮಿಯೆಂದು ದಂಡ ಬರೆದಿದ್ದೆ.
ಕಚೇರಿಗೆ ಒಪ್ಪಿಸಲಿಲ್ಲ, ಯಾಕೋ.
ಹೋದ ವರ್ಷ ಅವಳ ಜಾಗದಲ್ಲಿ ಬೇರೆ ಯಾರೋ
ಸಿಗಡಿ ಸುಲಿಯುತ್ತಿದ್ದರು.

ಬಟ್ಟನ್ನು ಅಂಗೈಲಿಟ್ಟು ಮೇಲೆ ನೋಡುತ್ತೇನೆ.
ಕೈ ಒಂಚೂರು ಕೆಳಗಿಳಿದಿದೆ.