ಸಾಲು ನಾನ್ನೂರ ಹನ್ನೆರಡು

ಕೂತುಕೋ ಸೆವೆರಿನ್, ಕೋಟು ಹೀಟರಿನ ಮೇಲೆ ಹರವು,
ಗ್ಡಿನಿಯಾದ ಗಾಳಿಗೆ ಒದ್ದೆ ಮಾಡುವುದಷ್ಟೇ ಗೊತ್ತು.
ಬಂದರಿನಿಂದ ಇಲ್ಲಿಗೆ ಎರಡು ಟ್ರಾಲಿಬಸ್ಸು;
ಬರೀ ಒಂದು ಸಾಲಿಗಾಗಿ ಬಂದೆಯಾ?

ತೋರಿಸು.
ಹೂಂ, ನನ್ನದೇ.
ಮೂವತ್ತೇಳು ವರ್ಷವಾದರೂ ಗುರುತು ಹತ್ತುತ್ತದೆ:
ಸಾಲಿನ ಕೊನೆಗೆ ಬೇಡದ ಒಂದು ಖಾಲಿ ಜಾಗ ಬಿಡುವ ಚಾಳಿ.

‘ಮೂರು ಸೆಕೆಂಡು ಕಾಯಿ.’
ಅಷ್ಟೇ. ಯಾಕೆ, ಯಾರಿಗಾಗಿ, ಒಂದು ಟಿಪ್ಪಣಿಯೂ ಇಲ್ಲ.

ನಿನ್ನ ಲೆಕ್ಕ ಸರಿಯಾಗಿದೆ. ಪೆಟ್ಟಿಗೆಗೆ ಮೂರು ಸೆಕೆಂಡು,
ದಿನಕ್ಕೆ ಆರುನೂರು ಪೆಟ್ಟಿಗೆ, ಅರ್ಧ ಗಂಟೆ
ಕ್ರೇನು ಸುಮ್ಮನೆ ಆಕಾಶ ನೋಡುತ್ತ ನಿಲ್ಲುತ್ತದೆ.
ಮ್ಯಾನೇಜರಿಗೆ ಅರ್ಧ ಗಂಟೆಯೆಂದರೆ ಬಾಯಲ್ಲಿ ನೀರು.
ಅಳಿಸಿ ನೋಡಿದೆ, ಪರೀಕ್ಷೆಗಳೆಲ್ಲ ಹಸಿರು, ಎನ್ನುತ್ತೀ.
ಹಸಿರೇ ಇರುತ್ತವೆ ಮಾರಾಯ,
ಪರೀಕ್ಷೆಗಳಿಗೆ ಬೆರಳುಗಳಿಲ್ಲ.

ಚಹಾ ತಗೋ.
ಏನು ಹಾಗೆ ಸುತ್ತ ನೋಡುತ್ತೀ?
ನನ್ನ ಮಾತಿಗೆ ಕಿವಿಗೊಡುವ ಯಂತ್ರ ಈ ಮನೆಯಲ್ಲಿಲ್ಲ,
ಫ್ರಿಜ್ಜಿಗೆ ಹಾಲು ತಣ್ಣಗಿಡುವುದೊಂದೇ ಗೊತ್ತು,
ಬಾಗಿಲಿಗೆ ಹಿತ್ತಾಳೆ ಬೀಗ,
ಪಾಸ್‌ವರ್ಡುಗಳೆಲ್ಲ ಕಾಗದದ ಮೇಲೆ, ರೈ ಹಿಟ್ಟಿನ ಡಬ್ಬಿಯಲ್ಲಿ.
ನಗು, ನಗು.
ಯಾವ ಸಮುದ್ರದಾಚೆಯ ಕಳ್ಳನಾದರೂ ಆ ಡಬ್ಬಿಗೆ ಕೈ ಹಾಕಲು
ನಾಲ್ಕು ಮಹಡಿ ಹತ್ತಬೇಕು,
ಮೂರನೆಯದರಲ್ಲಿ ಗೆನೊವೇಫಾಳ ನಾಯಿಯನ್ನು ದಾಟಬೇಕು.
ಮೂವತ್ತು ವರ್ಷ ಹೋಟೆಲಿನ ಅಡುಗೆಮನೆಯಲ್ಲಿದ್ದವಳು
ಹೋಟೆಲಿನಲ್ಲಿ ಉಣ್ಣುವಾಗ
ತಟ್ಟೆಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡುತ್ತಾಳೆ. ನನ್ನದೂ ಅಷ್ಟೇ.

ಈಗ ಕ್ರೇನಿಗೂ ಇಂಟರ್ನೆಟ್ಟಂತೆ.
ಅದರ ಪಾಸ್‌ವರ್ಡು ಕಾರ್ಖಾನೆಯವರು ಇಟ್ಟದ್ದೇ ಇದೆಯೋ?
ನೀನು ಕಿಟಕಿಯತ್ತ ತಿರುಗಿದೆ.
ಸರಿ, ಉತ್ತರ ಸಿಕ್ಕಿತು.
ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಜನ ನಾವು.
ನಿನ್ನನ್ನು ಬೈಯುತ್ತಿಲ್ಲ. ನನ್ನ ಕಥೆಯೂ ಅದೇ.

ಎಂಬತ್ತೇಳರ ನವೆಂಬರ್.
ಅಲೋಯ್ಜಿ ಅಂತ ಒಬ್ಬ, ಕೊಕ್ಕೆ ಬಿಡಿಸುವವನು,
ಗವಸಿಗೂ ಮೀಸೆಗೂ ಹೆರಿಂಗ್ ಮೀನಿನ ಒಂದೇ ವಾಸನೆ.
ಹಸಿರು ದೀಪ ಹತ್ತಿತು, ಕೊಕ್ಕೆ ಎದ್ದಿತು,
ಕೊಕ್ಕೆಯ ಜೊತೆ ಗವಸೂ,
ಗವಸಿನ ಜೊತೆ ಒಳಗಿದ್ದ ಎರಡು ಬೆರಳೂ.

ನನ್ನ ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ.
ವಿಚಾರಣೆಯವರು ಹಾಗೆಂದು ಮುದ್ರೆಯೊತ್ತಿ ಕೊಟ್ಟಿದ್ದಾರೆ,
ಆ ಕಾಗದವೂ ಡಬ್ಬಿಯಲ್ಲಿದೆ, ಎಲ್ಲಕ್ಕೂ ತಳದಲ್ಲಿ.

ಆ ರಾತ್ರಿ ಗವಸು ಹಾಕಿಕೊಂಡು, ಸ್ಟಾಪ್‌ವಾಚು ಹಲ್ಲಲ್ಲಿ ಕಚ್ಚಿ
ನಾನೇ ಕೊಕ್ಕೆ ಬಿಡಿಸಿದೆ: ಎರಡು ಸೆಕೆಂಡು.
ಚಳಿಗೆ ಮರಗಟ್ಟಿದ ಕೈಗೆ ಇನ್ನರ್ಧ.
ಮತ್ತೊಂದರ್ಧ ಎಲ್ಲಿಂದ ಬಂತೆಂದು ಕೇಳಬೇಡ,
ಭಯಕ್ಕೆ ಅಳತೆಪಟ್ಟಿ ಇರಲಿಲ್ಲ.

ಟಿಪ್ಪಣಿ ಬರೆಯಲು ಕೂತೆ.
ಕಾರಣ ಬರೆದರೆ ಅವನ ಹೆಸರೂ ಬರೆಯಬೇಕಿತ್ತು.
ಕೈ ಬರಲಿಲ್ಲ. ಖಾಲಿ ಬಿಟ್ಟೆ.
ತಪ್ಪೆಂದರೆ ಅದು ತಪ್ಪು,
ಅದಕ್ಕೆ ಯಾರೂ ಮುದ್ರೆ ಒತ್ತಲಿಲ್ಲ.

ಏನಂದೆ?
ಈಗ ಕೊಕ್ಕೆಯ ಬಳಿ ಮನುಷ್ಯರೇ ಇಲ್ಲವೇ? ಎಲ್ಲ ಕ್ಯಾಮೆರಾವೇ?
ಹಾಗಾದರೆ ಅಳಿಸಬಹುದೋ ಏನೋ. ನಿಜವಾಗಿ ನನಗೆ ತಿಳಿಯದು,
ನಾನು ಆ ಕಟ್ಟೆಯ ಮೇಲೆ ಕಾಲಿಟ್ಟು ಹನ್ನೊಂದು ವರ್ಷ.
ಒಂದು ಮಾತು ಹೇಳು:
ಹಿಮ ಬಿದ್ದು ಕ್ಯಾಮೆರಾ ಕುರುಡಾದ ದಿನ
ಕೆಳಗೆ ಯಾರನ್ನು ಕಳಿಸುತ್ತೀರಿ?

...

ಯಾರು? ಜೋರಾಗಿ ಹೇಳು, ಕಿವಿ ಮಂದ.
ಡೋಬ್ರೋಹ್ನಾ. ಹೊಸಬಳೇ? ಇಪ್ಪತ್ತಮೂರೇ?

ಪೆನ್ನು ಬೇಡ, ನಿನ್ನ ಲ್ಯಾಪ್‌ಟಾಪೇ ತೆಗೆ.
ಸಾಲು ನಾನ್ನೂರ ಹನ್ನೆರಡರ ಕೊನೆಗೆ ಜಾಗ ಬಿಟ್ಟಿದ್ದೇನಲ್ಲ,
ಅಲ್ಲಿಂದ ಶುರು ಮಾಡು. ಇಬ್ಬರ ಹೆಸರೂ ಬರೆ.

ತಾಳು, ತಾಳು.
ಮೊದಲು ಆ ಪಾಸ್‌ವರ್ಡು ಬದಲಾಯಿಸು.